ಬೇರೆಯವರ ಬಾವುಟ

ದೆಹಲಿಯ ಪಿಂಕ್ ಲೈನ್ ಮೆಟ್ರೋದಲ್ಲಿ ಸೌತ್ ಕ್ಯಾಂಪಸ್ ಕಡೆಯಿಂದ ಸರೋಜಿನಿ ನಗರಕ್ಕೆ ಹೊರಟರೆ ನಮ್ಮಂಥವರಿಗೆ ಒಂದು ಸಣ್ಣ ಖುಷಿ ಇದೆ. ಎರಡು ನಿಲ್ದಾಣ ಮೊದಲು 'ಸರ್ ವಿಶ್ವೇಶ್ವರಯ್ಯ ಮೋತಿ ಬಾಗ್' ಬರುತ್ತದೆ. ಆಮೇಲೆ ಭೀಕಾಜಿ ಕಾಮಾ ಪ್ಲೇಸ್, ಅದಾದ ಮೇಲೆ ಸರೋಜಿನಿ ನಗರ.

ಈ ಬಡಾವಣೆಯ ಹೆಸರು ಕೇಳಿದರೆ ಎಲ್ಲರಿಗೂ ನೆನಪಾಗುವುದು ಬಟ್ಟೆ ಬಜಾರು. ಎಕ್ಸ್‌ಪೋರ್ಟ್ ಕಂಪನಿಗಳು ಬೇಡವೆಂದ ಅಂಗಿ, ಜೀನ್ಸ್, ಸ್ವೆಟರ್‌ಗಳ ರಾಶಿ. ಸೋಮವಾರ ರಜೆ, ಉಳಿದ ದಿನ ಕಾಲಿಡಲು ಜಾಗವಿಲ್ಲ. ಆದರೆ ಬಜಾರಿನ ಬೆನ್ನಿಗೇ ಇನ್ನೊಂದು ಸರೋಜಿನಿ ನಗರ ಇದೆ. ಅದು ಸರ್ಕಾರಿ ಗುಮಾಸ್ತರ ಕ್ವಾರ್ಟರ್ಸ್‌ಗಳ ಊರು. ಬಹಳಷ್ಟು ಹಳೆಯ ಮನೆಗಳನ್ನು ಕೆಡವಿ ಗೋಪುರಗಳನ್ನು ಎಬ್ಬಿಸುತ್ತಿದ್ದಾರೆ. ಉಳಿದ ಕಡೆ ಇನ್ನೂ ಬೇವಿನ ಮರಗಳಿವೆ, ಮರದಡಿ ಕುರ್ಚಿ ಹಾಕಿಕೊಂಡ ನಿವೃತ್ತರಿದ್ದಾರೆ.

ಮನೆಯವರು ಬಜಾರಿನಲ್ಲಿ ಚೌಕಾಸಿ ಮಾಡುವಾಗ ನಾನು ಈ ಕಡೆ ಜಾರಿಕೊಳ್ಳುತ್ತೇನೆ. ಚಳಿಗಾಲದ ಭಾನುವಾರಗಳಲ್ಲಿ ಅಲ್ಲೊಂದು ಮರದ ಕೆಳಗೆ ಚದುರಂಗ ನಡೆಯುತ್ತದೆ. ಅವರು ಆಡುವುದು ದೇಸಿ ಆಟ. ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಹೋಗುತ್ತಾನೆ. ಕ್ಯಾಸ್ಲಿಂಗ್ ಇಲ್ಲ. ಅದರ ಬದಲು ರಾಜ ಒಮ್ಮೆ ಮಾತ್ರ ಕುದುರೆಯ ಹಾಗೆ ಹಾರಬಹುದು. ಶಿವಮೊಗ್ಗದಲ್ಲಿ ನನ್ನಜ್ಜ ಜಗಲಿಯ ಮೇಲೆ ಆಡುತ್ತಿದ್ದದ್ದೂ ಇದನ್ನೇ. ಹಾಗೆಂದು ನಾನು ಹೇಳಿದಾಗ ಅಲ್ಲಿದ್ದ ಪಂಜಾಬಿ ಹಿರಿಯರೊಬ್ಬರು ನಕ್ಕರು. ಅವರ ತಂದೆ ವಿಭಜನೆಯ ಕಾಲದಲ್ಲಿ ಸರ್ಗೋಧಾದಿಂದ ಓಡಿ ಬಂದವರಂತೆ. "ನಮ್ಮ ಸುಲ್ತಾನ್ ಖಾನ್ ಕಲಿತದ್ದೂ ಇದೇ ಆಟ" ಎಂದರು.

ಮೀರ್ ಸುಲ್ತಾನ್ ಖಾನ್ ಸರ್ಗೋಧಾ ಸೀಮೆಯ ಮಿಠಾ ತಿವಾನಾ ಎಂಬ ಊರಿನವರು. ಒಂಬತ್ತನೇ ವಯಸ್ಸಿಗೆ ಅಪ್ಪನಿಂದ ದೇಸಿ ಆಟ ಕಲಿತು, ಇಪ್ಪತ್ತೊಂದಕ್ಕೆ ಪಂಜಾಬಿನಲ್ಲಿ ಸಾಟಿಯಿಲ್ಲ ಅನ್ನಿಸಿಕೊಂಡರು. ಆ ಭಾಗದ ದೊಡ್ಡ ಜಮೀನ್ದಾರ ಸರ್ ಉಮರ್ ಹಯಾತ್ ಖಾನ್ ಅವರನ್ನು ತಮ್ಮ ಮನೆಗೆ ಸೇರಿಸಿಕೊಂಡು ಯುರೋಪಿನ ನಿಯಮ ಕಲಿಸಿದರು. ಈ ಸರ್ ಉಮರ್ ದೆಹಲಿಯ ಕೌನ್ಸಿಲ್ ಆಫ್ ಸ್ಟೇಟ್‌ನ ಸದಸ್ಯರು. ಸುಲ್ತಾನ್ ಖಾನ್ 1928ರಲ್ಲಿ ಅಖಿಲ ಭಾರತ ಚಾಂಪಿಯನ್ ಆದರು. ಎಂಟು ಗೆಲುವು, ಒಂದು ಡ್ರಾ, ಸೋಲಿಲ್ಲ. ಮರುವರ್ಷ ಸರ್ ಉಮರ್‌ಗೆ ಲಂಡನ್ನಿನಲ್ಲಿ ಇಂಡಿಯಾ ಕೌನ್ಸಿಲಿನ ಹುದ್ದೆ ಸಿಕ್ಕಿತು. ಸುಲ್ತಾನ್ ಖಾನ್ ಕೂಡ ಹಡಗು ಹತ್ತಿದರು. ನಮ್ಮ ಐಟಿ ಭಾಷೆಯಲ್ಲಿ ಹೇಳುವುದಾದರೆ, ಆನ್‌ಸೈಟ್.

ಅದೇ 1929ರಲ್ಲಿ ಅವರು ಬ್ರಿಟಿಷ್ ಚಾಂಪಿಯನ್ ಆದರು. 1932 ಮತ್ತು 1933ರಲ್ಲಿ ಮತ್ತೆರಡು ಬಾರಿ. 1930–31ರ ಹೇಸ್ಟಿಂಗ್ಸ್ ಪಂದ್ಯಾವಳಿಯಲ್ಲಿ ಕಾಪಾಬ್ಲಾಂಕಾರಂಥವರನ್ನೇ ಸೋಲಿಸಿದರು. ಲಂಡನ್ನಿನ ಚಳಿಗೆ ಕೊರಳಿಗೆ ಬಟ್ಟೆ ಸುತ್ತಿಕೊಂಡು ಆಡುತ್ತಿದ್ದರಂತೆ.

1931ರಲ್ಲಿ ಪ್ರಾಗ್ ಒಲಿಂಪಿಯಾಡ್. ಇಂಗ್ಲೆಂಡಿನ ಮೊದಲ ಬೋರ್ಡಿನಲ್ಲಿ ಸುಲ್ತಾನ್ ಖಾನ್, ಫ್ರಾನ್ಸಿನ ಮೊದಲ ಬೋರ್ಡಿನಲ್ಲಿ ವಿಶ್ವ ಚಾಂಪಿಯನ್ ಅಲೆಕ್ಸಾಂಡರ್ ಅಲೆಖಿನ್. ಒಬ್ಬ ಇಂಗ್ಲಿಷನಲ್ಲ, ಇನ್ನೊಬ್ಬ ಹುಟ್ಟಿನಿಂದ ಫ್ರೆಂಚನಲ್ಲ. ಇಬ್ಬರೂ ಕೂತದ್ದು ಬೇರೆಯವರ ಬಾವುಟದ ಹಿಂದೆ.

ಅಲೆಖಿನ್ 1892ರಲ್ಲಿ ಮಾಸ್ಕೋದ ಸಿರಿವಂತ ಮನೆಯಲ್ಲಿ ಹುಟ್ಟಿದವರು. ಅಪ್ಪ ಜಮೀನ್ದಾರ, ಡೂಮಾ ಸದಸ್ಯ; ಅಮ್ಮ ದೊಡ್ಡ ಜವಳಿ ಗಿರಣಿಯ ಮನೆತನದ ಮಗಳು. ಏಳರ ಸುಮಾರಿಗೆ ಆಟ ಕಲಿಸಿದ್ದು ಅಮ್ಮನೇ. ಹತ್ತಕ್ಕೇ ಹುಡುಗ ಅಂಚೆಯ ಮೂಲಕ ಪಂದ್ಯ ಆಡುತ್ತಿದ್ದ, ಹದಿನಾರಕ್ಕೆ ಮಾಸ್ಟರ್. ಆಮೇಲೆ ಕ್ರಾಂತಿ ಬಂತು, ಮನೆತನ ಮುಳುಗಿತು, ಒಡೆಸ್ಸಾದಲ್ಲಿ ಸೆರೆವಾಸವೂ ಆಯಿತು. 1921ರಲ್ಲಿ ರಷ್ಯಾ ಬಿಟ್ಟವರು ಮತ್ತೆ ಹಿಂದಿರುಗಲಿಲ್ಲ. ಎಲ್ಲ ಕಳೆದುಕೊಂಡವನ ಹಟ ಅವರ ಆಟಕ್ಕಿಳಿಯಿತು ಅಂತ ನನಗನ್ನಿಸುತ್ತದೆ. 1927ರವರೆಗೆ ಕಾಪಾಬ್ಲಾಂಕಾ ಎದುರು ಅವರು ಒಂದೂ ಆಟ ಗೆದ್ದಿರಲಿಲ್ಲ. ಎದುರಾಳಿಯ ಒಂದೊಂದು ಆಟವನ್ನೂ ಬಿಚ್ಚಿ ನೋಡಿ, 34 ಆಟಗಳ ಪಂದ್ಯದಲ್ಲಿ ಕಿರೀಟ ಕಿತ್ತುಕೊಂಡರು. ಆದರೆ ಮರುಪಂದ್ಯ ಮಾತ್ರ ಕೊಡಲೇ ಇಲ್ಲ. ಕುಡಿತ ಜೊತೆಗಿತ್ತು. 1941ರಲ್ಲಿ ಯಹೂದಿ ಆಟಗಾರರನ್ನು ಹೀಗಳೆಯುವ ಲೇಖನಗಳು ಅವರ ಹೆಸರಿನಲ್ಲಿ ನಾಜಿ ಪತ್ರಿಕೆಗಳಲ್ಲಿ ಬಂದವು. ಆ ಕಳಂಕ ಕೊನೆವರೆಗೂ ತೊಳೆಯಲಿಲ್ಲ.

ಪ್ರಾಗ್‌ನಲ್ಲಿ ಇವರಿಬ್ಬರ ಆಟ ಡ್ರಾ ಆಯಿತು. ಬೋರ್ಡಿನ ಮೇಲೆ ಸಮಬಲ. ಹೊರಗೆ ಹಾಗಿರಲಿಲ್ಲ. ಅಲೆಖಿನ್ ತನ್ನ ಟಿಕೆಟ್ಟನ್ನು ತಾನೇ ಕೊಳ್ಳುತ್ತಿದ್ದ ಮನುಷ್ಯ. ಸುಲ್ತಾನ್ ಖಾನರ ಟಿಕೆಟ್ಟು ಸರ್ ಉಮರ್ ಕೈಯಲ್ಲಿತ್ತು. 1933ರಲ್ಲಿ ಸರ್ ಉಮರ್ ಲಂಡನ್ ಮನೆಗೆ ಅಮೆರಿಕ ತಂಡವನ್ನು ಊಟಕ್ಕೆ ಕರೆದರಂತೆ. ಅಲ್ಲಿ ಬಡಿಸಿದ್ದು ಬ್ರಿಟಿಷ್ ಚಾಂಪಿಯನ್ ಸುಲ್ತಾನ್ ಖಾನ್ ಎಂದು ರೂಬೆನ್ ಫೈನ್ ಬರೆದಿದ್ದಾರೆ. ಅವರನ್ನು ಸೇವಕ ಎಂದು ಚಿತ್ರಿಸುವುದನ್ನು ಕುಟುಂಬದವರು ಒಪ್ಪುವುದಿಲ್ಲ. ಅದೇನೇ ಇರಲಿ, ಆ ವರ್ಷದ ಕೊನೆಗೆ ಸರ್ ಉಮರ್ ಊರಿಗೆ ಮರಳಿದಾಗ ಸುಲ್ತಾನ್ ಖಾನ್ ಕೂಡ ಮರಳಿದರು. 1935ರಲ್ಲಿ ಖಾಡಿಲ್ಕರ್ ಜೊತೆ ಹತ್ತು ಆಟಗಳ ಪಂದ್ಯ ಆಡಿ ಒಂಬತ್ತೂವರೆ ಅಂಕ ಗಳಿಸಿದರು. ಅದಾದ ಮೇಲೆ ದೊಡ್ಡ ಆಟ ಮುಗಿದೇ ಹೋಯಿತು.

ಇಷ್ಟನ್ನು ಓದಿ ನನಗೆ ಸಿಟ್ಟು ಬಂದಿತ್ತು. ಪ್ರತಿಭೆ ಇವರದು, ಒಡೆತನ ಇನ್ನೊಬ್ಬರದು. ಪ್ರಾಜೆಕ್ಟ್ ಮುಗಿಯಿತೆಂದು ಗಂಟುಮೂಟೆ ಕಟ್ಟಿಸುವುದನ್ನು ನಾವೂ ಕಂಡಿದ್ದೇವಲ್ಲ. ಮರದಡಿಯ ಹಿರಿಯರ ಲೆಕ್ಕ ಬೇರೆ ಇತ್ತು. "ಅವನು ತನ್ನ ಮಣ್ಣಿಗೆ ಹೋದ. ನಿಮ್ಮ ರಷ್ಯನ್ ಎಲ್ಲಿ ಹೋದ?" ಎಂದು ಕೇಳಿದರು. ಸ್ವಂತ ಊರನ್ನು ನೋಡದೇ ತಂದೆಯನ್ನು ಕಳೆದುಕೊಂಡ ಮನೆಯ ಮಾತು ಅದು.

ಅಲೆಖಿನ್ 1946ರ ಮಾರ್ಚ್‌ನಲ್ಲಿ ಪೋರ್ಚುಗಲ್‌ನ ಎಸ್ತೊರಿಲ್‌ನಲ್ಲಿ, ಹೋಟೆಲ್ ಕೋಣೆಯ ಕುರ್ಚಿಯಲ್ಲಿ, ಓವರ್‌ಕೋಟ್ ತೊಟ್ಟಂತೆಯೇ ಒಬ್ಬರೇ ಸತ್ತು ಸಿಕ್ಕಿದರು. ಪಕ್ಕದಲ್ಲಿ ಚದುರಂಗದ ಹಾಸು. ಆಗಲೂ ಅವರೇ ವಿಶ್ವ ಚಾಂಪಿಯನ್. ಸುಲ್ತಾನ್ ಖಾನ್ ಸರ್ಗೋಧಾದಲ್ಲಿ ಹೊಲ ನೋಡಿಕೊಂಡು, ಮಕ್ಕಳೊಂದಿಗೆ ಬಾಳಿ 1966ರಲ್ಲಿ ತೀರಿಕೊಂಡರು. 2024ರಲ್ಲಿ ಫಿಡೆ ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಕೊಟ್ಟಿತು. ಈ ಸಲದ್ದು ಪಾಕಿಸ್ತಾನದ ಬಾವುಟ.

ಯಾರ ಬದುಕು ಸೋತಿತು ಎಂದು ತೀರ್ಪು ಕೊಡುವುದು ನನ್ನಿಂದ ಆಗುವುದಿಲ್ಲ. ಊರಿಗೆ ಹೋಗುವುದು ಬೇರೆ, ಕರೆದೊಯ್ದವರು ಹಿಂದಿರುಗಿದಾಗ ಹೋಗಲೇಬೇಕಾಗುವುದು ಬೇರೆ. ದೆಹಲಿಯಲ್ಲಿ ಹದಿನಾಲ್ಕು ವರ್ಷ ಕಳೆದ ನನಗೆ ಆ ವ್ಯತ್ಯಾಸ ದೊಡ್ಡದಾಗಿ ಕಾಣುತ್ತದೆ. ಸುಲ್ತಾನ್ ಖಾನ್ ಮಾತ್ರ ತಮ್ಮ ತೀರ್ಪು ಕೊಟ್ಟೇ ಹೋಗಿದ್ದಾರೆ. ಮಕ್ಕಳಿಗೆ ಅವರು ಚದುರಂಗ ಹೇಳಿಕೊಡಲಿಲ್ಲವಂತೆ. ಬದುಕಿನಲ್ಲಿ ಇದಕ್ಕಿಂತ ಉಪಯೋಗದ್ದೇನಾದರೂ ಮಾಡಿ ಎನ್ನುತ್ತಿದ್ದರು ಎಂದು ಅವರ ಮಗ ನೆನೆದಿದ್ದಾರೆ.