ಎರಡು ಬೆರಳಿಗೆ ಬರುವ ಪಿನ್ನು

ಬಿಸಿಲೆಯ ಕಡೆ ಸಮತಟ್ಟು ನೆಲ ಅಂತ ಇರುವುದು ಕಾಫಿ ಕಣ ಒಂದೇ. ಕೊಯ್ಲಿನ ಕಾಲದಲ್ಲಿ ಅಲ್ಲಿ ಹಣ್ಣು ಹರವಿರುತ್ತದೆ. ಟ್ರಾಕ್ಟರ್ ತಂದರೆ ತೋಟದ ರೈಟರು ದೂರದಿಂದಲೇ ಕೂಗುತ್ತಾರೆ. ಉಳಿದದ್ದೆಲ್ಲ ಏರು, ಇಲ್ಲವೇ ಇಳಿಜಾರು. ಈ ಬೆಟ್ಟಸಾಲಿನ ಒಂದು ಮಗ್ಗುಲಿಗೆ ಬಿದ್ದ ಮಳೆ ಹೇಮಾವತಿ ಸೇರಿ, ಕಾವೇರಿಯಾಗಿ ಬಂಗಾಳಕೊಲ್ಲಿಗೆ ಹೋಗುತ್ತದೆ. ಇನ್ನೊಂದು ಮಗ್ಗುಲಿನದು ಕುಮಾರಧಾರೆಗಿಳಿದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಅರಬ್ಬಿ ಸಮುದ್ರ ಸೇರುತ್ತದೆ. ಮಳೆಹನಿಯನ್ನೇ ನಿಲ್ಲಗೊಡದ ಈ ನೆಲದಲ್ಲಿ ತುಂಬಿದ ಟ್ರೈಲರನ್ನು ಟ್ರಾಕ್ಟರಿನಿಂದ ಬಿಡಿಸಿ ನಿಲ್ಲಿಸುವುದು ನನಗೆ ಬಲು ಇಷ್ಟದ ಕೆಲಸ.

ಟ್ರಾಕ್ಟರ್ ಓಡಿಸುವುದನ್ನು ಹೊಗಳುವವರು ಬೇಕಾದಷ್ಟಿದ್ದಾರೆ. ಕೆಸರಿನ ತಿರುವಿನಲ್ಲಿ ಟ್ರೈಲರ್ ಸಮೇತ ರಿವರ್ಸ್ ತೆಗೆದವನಿಗೆ ಲೈನ್ ಮನೆ ಹುಡುಗರು ಶಿಳ್ಳೆ ಹೊಡೆಯುತ್ತಾರೆ. ಬಿಡಿಸಿದವನಿಗೆ ಶಿಳ್ಳೆ ಬಿದ್ದದ್ದನ್ನು ನಾನು ಕಂಡಿಲ್ಲ. ಚೆನ್ನಾಗಿ ಬಿಡಿಸಿದರೆ ಏನೂ ಆಗುವುದಿಲ್ಲವಲ್ಲ, ನೋಡುವುದಕ್ಕೇನಿದೆ!

ನನಗಿದನ್ನು ಕಲಿಸಿದ ಹಳೆಯ ಡ್ರೈವರದ್ದು ಒಂದೇ ಪಾಠ: “ಪಿನ್ನು ಎರಡು ಬೆರಳಿಗೆ ಬರ್ಬೇಕು ಕಣಪ್ಪ. ಸುತ್ತಿಗೆ ತಗೊಂಡೆ ಅಂದ್ರೆ ಹಿಂದೆ ಏನೋ ಬಿಟ್ಟಿದ್ದೀಯ ಅಂತ ಲೆಕ್ಕ.”

ಹಾಗಾಗಿ ನಾನು ಟ್ರಾಕ್ಟರಿನ ಕೊಕ್ಕೆಗೆ ಟ್ರೈಲರನ್ನು ಹಿಡಿದಿಡುವ ಆ ಪಿನ್ನಿನಿಂದ ಹಿಂದಕ್ಕೆ ಯೋಚಿಸುತ್ತೇನೆ. ಮೊದಲು ಜಾಗ. ಕಣ್ಣಿಗೆ ಮಟ್ಟವಾಗಿ ಕಂಡ ನೆಲವನ್ನು ನಂಬುವುದಿಲ್ಲ. ಬಾಟಲಿಯ ನೀರನ್ನು ಒಂದಿಷ್ಟು ಚೆಲ್ಲಿ, ಅದು ಯಾವ ಕಡೆ ಹರಿಯಿತು ಎಂದು ನೋಡುತ್ತೇನೆ. ನೀರು ಓಡಿದ ಕಡೆಗೇ ಟ್ರೈಲರೂ ಓಡಲು ಕಾದಿರುತ್ತದೆ. ಎರಡೂ ಗಾಲಿಗೆ ಆ ಮಗ್ಗುಲಲ್ಲಿ ಕಲ್ಲು ಕೊಡಬೇಕು. ಕೊಟ್ಟ ಮೇಲೆ ಬ್ರೇಕನ್ನು ಮೆಲ್ಲಗೆ ಸಡಿಲಿಸಿದರೆ ಟ್ರೈಲರ್ ಕಲ್ಲಿಗೆ ಒರಗಿ ಕೂರುತ್ತದೆ. ಆಮೇಲೆ ಟ್ರಾಕ್ಟರಿಗೆ ಹ್ಯಾಂಡ್‌ಬ್ರೇಕ್ ಹಾಕಿ, ಎಂಜಿನ್ ಆರಿಸುತ್ತೇನೆ. ಎಂಜಿನ್ ಓಡುತ್ತಿರುವಾಗ ಎರಡರ ನಡುವೆ ಕಾಲಿಡುವ ಮಾತೇ ಇಲ್ಲ.

ನಾಲ್ಕು ಗಾಲಿಯ ಟ್ರೈಲರ್ ತನ್ನ ಭಾರವನ್ನು ತಾನೇ ಹೊತ್ತುಕೊಳ್ಳುತ್ತದೆ. ಎರಡು ಗಾಲಿಯದು ಕೊಂಚ ಭಾರವನ್ನು ಟ್ರಾಕ್ಟರಿನ ಮೇಲೆ ಹೇರಿರುತ್ತದೆ. ಅದನ್ನು ಸ್ಟ್ಯಾಂಡಿಗೆ ದಾಟಿಸಬೇಕು. ಮಳೆಗಾಲದ ಮಣ್ಣಿಗೆ ಸ್ಟ್ಯಾಂಡು ಯಾವ ಹೊತ್ತಿನಲ್ಲೂ ಹೂತುಕೊಳ್ಳಬಹುದು, ಅದಕ್ಕೆ ಅಡಿಗೆ ಚಪ್ಪಡಿ ಕಲ್ಲು. ಮೂಟೆಗಳು ಅಚ್ಚಿನ ಹಿಂದೆಯೇ ಉಳಿದಿದ್ದರೆ ಕತೆ ಬೇರೆ: ಪಿನ್ ಕಿತ್ತ ಕೂಡಲೇ ಟ್ರೈಲರಿನ ಮೂತಿ ಆಕಾಶಕ್ಕೇಳುತ್ತದೆ, ಬಗ್ಗಿದವನ ಗದ್ದ ಅದರ ದಾರಿಯಲ್ಲಿರುತ್ತದೆ. ಐವತ್ತು ಕೆಜಿಯ ನಾಲ್ಕು ಮೂಟೆ ಮುಂದಕ್ಕೆ ಎಳೆದಿಡಲು ಸೋಮಾರಿತನ ಮಾಡಬಾರದು.

ಸ್ಟ್ಯಾಂಡಿನ ಹಿಡಿ ತಿರುಗಿಸುತ್ತ ಹೋದಂತೆ ಒಂದು ಘಳಿಗೆ ಬರುತ್ತದೆ. ಮೂತಿಯ ಬಳೆ ಕೊಕ್ಕೆಯ ಕೆಳತಗಡನ್ನು ಬಿಟ್ಟು, ಮೇಲಿನದನ್ನೂ ಮುಟ್ಟದೆ ನಡುವೆ ನಿಲ್ಲುತ್ತದೆ. ಇಡೀ ಕೆಲಸದಲ್ಲಿ ನನಗೆ ರುಚಿ ಇದೇ. ಅಷ್ಟು ಹೊತ್ತೂ ಟ್ರಾಕ್ಟರಿನದಾಗಿದ್ದ ಭಾರ ಸದ್ದಿಲ್ಲದೆ ನೆಲದ್ದಾಗಿರುತ್ತದೆ. ಡಂಪಿಂಗ್ ಟ್ರೈಲರಾದರೆ ತೊಟ್ಟಿ ಪೂರ್ತಿ ಇಳಿಸಿ, ಲಿವರ್ ಆಡಿಸಿ ಒತ್ತಡ ಬಿಟ್ಟು, ಹೈಡ್ರಾಲಿಕ್ ಪೈಪು ಕಳಚಬೇಕು. ಒತ್ತಡ ಉಳಿದ ಪೈಪು ಮರುದಿನ ಕೂರದೆ ಹಟ ಮಾಡುತ್ತದೆ. ಲೈಟಿನ ವೈರನ್ನೂ ಮರೆಯಬಾರದು. ಕೊನೆಗೆ ಕ್ಲಿಪ್ ತೆಗೆದು ಪಿನ್ನಿಗೆ ಬೆರಳು ಕೊಡುತ್ತೇನೆ. ಬಂದರೆ ಸರಿ. ಬಿಗಿಯಾಗಿದ್ದರೆ ಟ್ರೈಲರ್ ಇನ್ನೂ ಎಳೆಯುತ್ತಿದೆ ಅಥವಾ ತಳ್ಳುತ್ತಿದೆ ಎಂದರ್ಥ. ಮತ್ತೆ ಸೀಟು ಹತ್ತಿ, ಟ್ರಾಕ್ಟರನ್ನು ಎರಡಂಗುಲ ಸರಿಸಿ ಇಳಿಯುತ್ತೇನೆ.

ಅತ್ತ ಶಿರಾಡಿ ಘಾಟಿಯಲ್ಲಿ ಮಂಗಳೂರು ಬಂದರಿಗೆ ಇಳಿಯುವ ಕಂಟೇನರ್ ಲಾರಿಗಳದ್ದೂ ಇದೇ ವಿದ್ಯೆ, ಗಾತ್ರ ದೊಡ್ಡದು. ಅವುಗಳಲ್ಲಿ ಟ್ರೈಲರಿನ ಮುಂಭಾಗ ಕ್ಯಾಬಿನ್ ಹಿಂದಿನ ಗ್ರೀಸ್ ತಟ್ಟೆಯ ಮೇಲೆ ಕೂತಿರುತ್ತದೆ. ಎರಡಂಗುಲ ದಪ್ಪದ ಕಿಂಗ್‌ಪಿನ್ನನ್ನು ತಟ್ಟೆಯ ದವಡೆ ಕಚ್ಚಿರುತ್ತದೆ. ಟ್ರೈಲರಿನ ಬ್ರೇಕ್ ಹಾಕಿ, ಕಾಲುಗಳನ್ನಿಳಿಸಿ, ಗಾಳಿಯ ಪೈಪು ಕಳಚಿ, ಹಿಡಿ ಎಳೆದರೆ ದವಡೆ ಬಿಡುತ್ತದೆ. ಬಲ್ಲ ಡ್ರೈವರು ಆಗಲೂ ಪೂರ್ತಿ ಹೊರಬರುವುದಿಲ್ಲ. ಚಾಸಿ ಟ್ರೈಲರಿನ ಅಡಿಯಲ್ಲಿರುವಂತೆಯೇ ತುಸು ಮುಂದೆ ಬಂದು, ಇಳಿದು ಕಾಲುಗಳನ್ನು ನೋಡುತ್ತಾನೆ. ಅವು ಕುಸಿದರೂ ಮೂತಿ ಚಾಸಿಯ ಮೇಲೆ ಬೀಳುತ್ತದೆ, ರಸ್ತೆಗೆ ಬೀಳುವುದಿಲ್ಲ. ನಂಬಿದ ಮೇಲೂ ಒಂದು ಸಲ ನೋಡುವ ಈ ಅನುಮಾನ ನನಗೆ ಹಿಡಿಸಿದೆ. ಟ್ರಾಕ್ಟರನ್ನು ಒಂದು ಗೇಣು ಎಳೆದು ನಾನೂ ನಿಲ್ಲಿಸಿ ಹಿಂದೆ ತಿರುಗುತ್ತೇನೆ.

ಬಿಡಿಸಿದ ಟ್ರೈಲರನ್ನು ಬೆಳಿಗ್ಗೆ ಇನ್ಯಾರೋ ಕಟ್ಟಬೇಕು. ಮೂತಿಯನ್ನು ಕೊಕ್ಕೆಯ ಎತ್ತರಕ್ಕೇ ನಿಲ್ಲಿಸಿ ಬಂದಿದ್ದರೆ ಅವನು ರಿವರ್ಸ್ ಬಂದು ಪಿನ್ ಇಳಿಬಿಟ್ಟರೆ ಮುಗಿಯಿತು. ಅವನು ಅದನ್ನು ತನ್ನ ಡ್ರೈವಿಂಗಿನ ಕೈಚಳಕ ಎಂದೇ ತಿಳಿದು, ಶಿಳ್ಳೆಗಾಗಿ ಲೈನ್ ಮನೆ ಕಡೆ ನೋಡುತ್ತಾನೆ. ನೋಡಲಿ.