ಬಿಸಿಲನ್ನು ತಾಳಬೇಕಾದ ಹರಳು

ಕಳೆದ ಶ್ರಾವಣದಲ್ಲಿ ನಮ್ಮ ತಮ್ಮನ ಮಗನು ಕಲಬುರ್ಗಿಗೆ ಬಂದಿದ್ದನು. ಆರು ವರ್ಷಗಳಿಂದ ಆತನು ಸೌರಕೋಶಗಳ ಸಂಶೋಧನೆಯಲ್ಲಿ ನಿರತನು. ಪೂಜೆ, ಪ್ರಸಾದಗಳು ಮುಗಿದು ಪಡಸಾಲೆಯಲ್ಲಿ ಕುಳಿತಾಗ, ಹಿರಿಯರೆಂಬ ಸಲುಗೆಯಿಂದ ನಾವು, "ಇಷ್ಟು ವರ್ಷ ಓದಿದೆ, ನಮ್ಮ ಮಾಳಿಗೆಗೆ ಹಾಕುವಂಥ ಒಂದು ಫಲಕ ನಿನ್ನಿಂದ ಆಗಲಿಲ್ಲವೇನಪ್ಪಾ?" ಎಂದು ಕೇಳಿಬಿಟ್ಟೆವು. ಆತನು ಬೇಸರಿಸದೆ ಎರಡು ಛಾಯಾಚಿತ್ರಗಳನ್ನು ತೋರಿಸಿದನು. ಒಂದರಲ್ಲಿ ಕಾಡಿಗೆಯಂತೆ ಕಪ್ಪಾದ ಗಾಜಿನ ತುಣುಕು, ಇನ್ನೊಂದರಲ್ಲಿ ಅರಿಷಿಣ ಬಳಿದಂಥದು.

"ಎರಡೂ ಒಂದೇ, ದೊಡ್ಡಪ್ಪಾ. ನಡುವೆ ಮಳೆಗಾಲದ ಗಾಳಿ ತಾಗಿತು, ಅಷ್ಟೆ."

ಆ ಕಪ್ಪು ಲೇಪದ ಹೆಸರು ಪೆರೋವ್‌ಸ್ಕೈಟ್. 1839ರಲ್ಲಿ ಉರಲ್ ಪರ್ವತಗಳಲ್ಲಿ ದೊರೆತ ಖನಿಜವೊಂದರ ಹೆಸರದು. ಸೌರಕೋಶದಲ್ಲಿರುವುದು ಆ ಖನಿಜವಲ್ಲ. ಅದೇ ಕಟ್ಟಡದ, ಸೀಸ, ಅಯೋಡಿನ್ ಹಾಗೂ ಸಾವಯವ ಅಂಶ ಕೂಡಿದ ಹರಳು. ಸಿಲಿಕಾನನ್ನು 1400 ಡಿಗ್ರಿ ಮೀರಿದ ಕುಲುಮೆಯಲ್ಲಿ ಕರಗಿಸಬೇಕು. ಇದನ್ನಾದರೋ ದ್ರಾವಣ ಮಾಡಿ ಗಾಜಿಗೆ ಲೇಪಿಸಿ, ರೊಟ್ಟಿಯ ಹೆಂಚಿಗಿಂತಲೂ ಕಡಿಮೆ ಶಾಖದಲ್ಲಿ ಒಣಗಿಸಿದರಾಯಿತು.

2009ರಲ್ಲಿ ಜಪಾನಿನ ತ್ಸುತೊಮು ಮಿಯಾಸಕ ಮತ್ತು ಸಂಗಡಿಗರು ಇದರಿಂದ ಪಡೆದ ದಕ್ಷತೆ ಶೇಕಡಾ 3.8. ಅಂದರೆ ಬಿದ್ದ ಬಿಸಿಲಿನಲ್ಲಿ ಅಷ್ಟು ಭಾಗ ಮಾತ್ರ ವಿದ್ಯುತ್ತಾಯಿತು. ಆ ಕೋಶ ನಿಮಿಷಗಳಲ್ಲೇ ಕೆಡುತ್ತಿತ್ತು. ಇಂದು ಪ್ರಯೋಗಾಲಯದ ಪುಟ್ಟ ಕೋಶಗಳು ಶೇಕಡಾ 26ನ್ನು ದಾಟಿವೆ. ಸಿಲಿಕಾನಿನ ಮೇಲೆ ಇದನ್ನು ಹೊದಿಸಿದ ಜೋಡಿಕೋಶವು 2024ರಲ್ಲಿ 34.6ನ್ನು ಮುಟ್ಟಿತು. ಈ ಅಂಕೆಗಳನ್ನು ಕೇಳಿ ನಾವು ಹಿಗ್ಗಿದೆವು. ಎಷ್ಟು ದಿನ ಬಾಳುತ್ತದೆಂದು ಕೇಳಲೇ ಇಲ್ಲ. ಆತನ ಆರು ವರ್ಷಗಳು ಸವೆದಿರುವುದಾದರೂ ಅಲ್ಲಿಯೇ.

ಹರಳಿನ ಮೇಲ್ಮೈಯಲ್ಲಿ ಅಲ್ಲಲ್ಲಿ ಅಣುಗಳು ಬಿಟ್ಟುಹೋಗಿರುತ್ತವೆಯಂತೆ. ಬಿಸಿಲಿನಿಂದ ಹುಟ್ಟಿದ ವಿದ್ಯುದಂಶವನ್ನು ಆ ಕೊರತೆಗಳೇ ನುಂಗುತ್ತವೆ. ತೇವ ಒಳನುಗ್ಗುವುದೂ, ಅಯೋಡಿನ್ ಸ್ಥಳ ಬಿಟ್ಟು ಅಲೆಯುವುದೂ ಅಲ್ಲಿಂದಲೇ. ತಕ್ಕ ಸಾವಯವ ಅಣುಗಳ ತೆಳುಪೊರೆಯಿಂದ ಅವನ್ನು ತುಂಬಿದರೆ ದಕ್ಷತೆಯೂ ಏರುವುದು, ಆಯುಷ್ಯವೂ ಬೆಳೆಯುವುದು. ಶಾಖಕ್ಕೆ ಹಾರಿಹೋಗುವ ಮೀಥೈಲ್ ಅಮೋನಿಯಂನ ಬದಲಿಗೆ ಫಾರ್ಮಮಿಡಿನಿಯಂ ಮತ್ತು ಸೀಸಿಯಂ ಬೆರೆಸುವುದು ಇನ್ನೊಂದು ಉಪಾಯ. ಕಡೆಗೆ ಎರಡು ಗಾಜುಗಳ ನಡುವೆ ಇಟ್ಟು, ಅಂಚಿಗೆ ರಬ್ಬರಿನಂಥ ಬಂಧಕ ಹಾಕಿ ಮುಚ್ಚುವುದು. ಒಡೆದರೆ ಸೀಸವು ಮಳೆನೀರಿನೊಡನೆ ಮಣ್ಣು ಸೇರುವ ಭಯವಿದೆಯಾಗಿ ಈ ಮುಚ್ಚುವಿಕೆ ಬರಿಯ ಕೋಶದ ಹಿತಕ್ಕಲ್ಲ.

85 ಡಿಗ್ರಿ ಶಾಖ, ಶೇಕಡಾ 85 ತೇವದಲ್ಲಿ 1000 ಗಂಟೆ ಇಟ್ಟು ಪರೀಕ್ಷಿಸುವ ಕ್ರಮವುಂಟು. 1000 ಗಂಟೆಯೆಂದರೆ ಸುಮಾರು 42 ದಿನ. ಸಿಲಿಕಾನ್ ಫಲಕಗಳಿಗೆ 25 ವರ್ಷಗಳ ಭರವಸೆ ಕೊಡುತ್ತಾರೆ. ನಮ್ಮ ಬೇಸಗೆಯಲ್ಲಿ ಗಾಳಿ 42 ಡಿಗ್ರಿ ಇರುವಾಗ ಮಾಳಿಗೆಯ ಫಲಕ 65 ದಾಟುವುದು ಸಾಮಾನ್ಯ. ರಾತ್ರಿ ಮತ್ತೆ ತಣಿಯುವುದು. ಈ ನಿತ್ಯದ ಏರಿಳಿತವನ್ನು ಕಾಲು ಶತಮಾನ ತಾಳಬಲ್ಲುದೆಂದು 42 ದಿನಗಳಲ್ಲಿ ಹೇಗೆ ಹೇಳುವುದು?

"ಈಗ ಸಿಲಿಕಾನನ್ನೇ ಹಾಕಿಸಿರಿ," ಎಂದು ಆತನೇ ಹೇಳಿದನು. ಹಾಗೆಯೇ ಮಾಡಿದೆವು. ಆದರೆ ದಕ್ಷಿಣದ ಮೂಲೆಯಲ್ಲಿ ಒಂದು ಮೊಳ ಜಾಗ ಬೇಡಿ, ಗಾಜಿನಲ್ಲಿ ಮುಚ್ಚಿದ ತನ್ನ ಮಾದರಿಯೊಂದನ್ನು ಇಟ್ಟುಹೋದನು. ಸಂಡಿಗೆ ಒಣಹಾಕುವ ಸ್ಥಳವದು. ನಮ್ಮ ಮನೆಯವರು ಗೊಣಗಿಯೇ ಬಿಟ್ಟುಕೊಟ್ಟರು. ಪ್ರತಿ ಸೋಮವಾರ ನಾವು ಹೋಗಿ ನೋಡುತ್ತೇವೆ. ದೀಪಾವಳಿಯವರೆಗೂ ಅದು ಕಪ್ಪಾಗಿಯೇ ಇದ್ದಿತು. ಈ ವಾರ ಎಡಗಡೆಯ ಅಂಚಿನಲ್ಲಿ ಕೂದಲೆಳೆಯಷ್ಟು ಹಳದಿ ಕಂಡಿದೆ. ಆತನಿಗೆ ತಿಳಿಸಿದ್ದೇವೆ.