ಕುಣಿಯುವವರ ಕಣ್ಣಿಗೂ ಬೆಳಕು ಬೇಕು

ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ಕರಾವಳಿಯಲ್ಲಿ ಚಿಕ್ಕಮೇಳಗಳ ತಿರುಗಾಟ ಶುರುವಾಗುತ್ತದೆ. ಇಬ್ಬರು ವೇಷಧಾರಿಗಳು, ಭಾಗವತರು, ಮದ್ದಳೆ-ಚೆಂಡೆಯವರು ಮುಸ್ಸಂಜೆಯಿಂದ ಮನೆಮನೆಗೆ ಹೋಗಿ, ದೀಪ ಹಚ್ಚಿಟ್ಟ ಚಾವಡಿಯಲ್ಲಿ ಪ್ರಸಂಗದ ಒಂದು ತುಣುಕು ಆಡಿ ಮುಂದಿನ ಮನೆಗೆ ನಡೆಯುತ್ತಾರೆ. ಮಳೆಗಾಲದಲ್ಲಿ ಎಷ್ಟೋ ಕಲಾವಿದರ ಮನೆಯ ಒಲೆ ಉರಿಯುವುದು ಇದರಿಂದಲೇ.

ಹೂಡೆಯಲ್ಲಿ ನೆರೆಮನೆಯ ಅಕ್ಕ ಪ್ರತಿವರ್ಷ ಈ ಆಟಕ್ಕೆ ನನ್ನನ್ನೂ ಕರೆಯುತ್ತಾರೆ. ಕಥೆ ಬರೆಯುವ ನನಗೆ ಕ್ಯಾಮೆರಾದ ಹುಚ್ಚೂ ಇದೆಯೆಂದು ಅವರಿಗೆ ಗೊತ್ತು. ಒಮ್ಮೆ ಸ್ತ್ರೀವೇಷದ ಹುಡುಗ ಗೆಜ್ಜೆ ಸರಿಮಾಡಿಕೊಳ್ಳುತ್ತಾ ಮೊದಲೇ ಹೇಳಿದ: “ಫೋಟೋ ತೆಗೀರಿ ಅಣ್ಣ. ಫ್ಲಾಶ್ ಮಾತ್ರ ಮುಖಕ್ಕೆ ಹೊಡೀಬೇಡಿ. ತಿರುಗುವಾಗ ಕಣ್ಣಿಗೆ ಕತ್ತಲೆ ಬರ್ತದೆ, ನೆಲ ಕಾಣುದಿಲ್ಲ.”

ಅದು ಸಣ್ಣ ಮಾತಲ್ಲ. ಇಕ್ಕಟ್ಟಾದ ಚಾವಡಿ, ಮಳೆಯ ತೇವಕ್ಕೆ ಜಾರುವ ನುಣುಪು ನೆಲ. ಕಾಲು ಉಳುಕಿದರೆ ಆ ಮಳೆಗಾಲದ ಸಂಪಾದನೆಯೇ ಹೋಯಿತು.

ಫ್ಲಾಶ್ ಚಿತ್ರಕ್ಕೂ ಉಪಕಾರ ಮಾಡುವುದಿಲ್ಲ. ದೂರ ಇಮ್ಮಡಿಯಾದರೆ ಅದರ ಬೆಳಕು ಕಾಲು ಭಾಗಕ್ಕಿಳಿಯುತ್ತದೆ. ಹಾಗಾಗಿ ಎದುರಿನ ಮುಖ ಸುಣ್ಣ ಬಳಿದಂತಾಗಿ, ಹಿಂದಿನ ಭಾಗವತರು ಕತ್ತಲಲ್ಲಿ ಮುಳುಗುತ್ತಾರೆ. ದೊಂದಿಯ ಬೆಳಕಿನ ಕಾಲದಲ್ಲಿ ರೂಪುಗೊಂಡ ಬಣ್ಣಗಾರಿಕೆಯ ನೆರಳೆಲ್ಲ ಅಳಿಸಿಹೋಗುತ್ತದೆ. ಪೇಟೆಯ ಛಾಯಾಗ್ರಾಹಕರು ಫ್ಲಾಶನ್ನು ಬಿಳಿ ಛಾವಣಿಗೆ ತಿರುಗಿಸಿ ಬೆಳಕನ್ನು ಮೆದುವಾಗಿಸುತ್ತಾರೆ. ನಮ್ಮ ಹಂಚಿನ ಮಾಡಿಗೆ ತಿರುಗಿಸಿದರೆ ಅದು ಪಕಾಸುಗಳ ಕಪ್ಪಿನಲ್ಲಿ ಕಳೆದೇಹೋಗುತ್ತದೆ. ತೀರಾ ಬೇಕಾದರೆ ಪಕ್ಕದ ಸುಣ್ಣದ ಗೋಡೆಯೇ ಗತಿ.

ನಾನು ಹಿಡಿದ ದಾರಿ ಬೇರೆ. ಮೊದಲ ಮನೆಯ ಆಟದ ಹೊತ್ತಿಗೆ ಹೊರಗಿನ್ನೂ ಹಗಲಿನ ಬೆಳಕು ಉಳಿದಿರುತ್ತದೆ. ತೆರೆದ ಬಾಗಿಲಿನ ಪಕ್ಕ ಕುಳಿತು ಐಎಸ್‌ಒ 3200ಕ್ಕೆ ಏರಿಸುತ್ತೇನೆ. ಚಿತ್ರ ಸ್ವಲ್ಪ ತರಿತರಿಯಾದರೂ ಪರವಾಗಿಲ್ಲ. ಆಮೇಲೆ ಕಣ್ಣಿಗಿಂತ ಕಿವಿಯ ಕೆಲಸ. ಮದ್ದಳೆಯ ಬಿಡ್ತಿಗೆ ಮುಗಿಯುವಲ್ಲಿ ಕುಣಿಯುವವರು ಒಂದು ಕ್ಷಣ ನಿಲ್ಲುತ್ತಾರೆ. ಜಿಗಿತದ ತುದಿಯಲ್ಲೂ ದೇಹ ಅರೆಗಳಿಗೆ ನಿಂತಂತಿರುತ್ತದೆ. ಅಲ್ಲಿ ಒತ್ತಿದರೆ ಮಂದ ಬೆಳಕೂ ಸಾಕು.

ನನ್ನ ಉರ್ದು ಶಾಲೆಯಲ್ಲಿ ‘ರೋಶನಿ’ ಮತ್ತು ‘ಚಮಕ್’ ಎರಡೂ ಪದ ಕಲಿಸಿದ್ದರು. ರೋಶನಿ ದಾರಿ ತೋರಿಸುತ್ತದೆ. ಚಮಕ್ ಕಣ್ಣು ಕೋರೈಸುತ್ತದೆ. ಇವುಗಳ ಅಂತರ ನನಗೆ ಮನದಟ್ಟಾದದ್ದು ಚಿಕ್ಕಮೇಳದ ಮುಂದೆ.

ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಶಾಲೆಯ ವಾರ್ಷಿಕೋತ್ಸವದಲ್ಲಿ ನಮ್ಮ ಮಕ್ಕಳು ಕುಣಿಯುವಾಗಲೂ ಹತ್ತಾರು ಫ್ಲಾಶುಗಳು ಮಿನುಗುತ್ತವೆ. ಒತ್ತುವ ಮೊದಲು ಒಂದು ಮಾತು ಕೇಳಬಾರದೇ: “ನಿಮ್ಮ ಕಣ್ಣಿಗೆ ತೊಂದರೆಯಾದೀತೇ?”